ಕಾವೇರಿಯ ಸಿಟ್ಟಿಗೆ ಹೆಸರೇನು?

ಕನ್ನಡದಲ್ಲಿ ಹುಚ್ಚು ಅನ್ನೋ ಮಾತು ಬಹಳ ಅಗ್ಗ. ಸಿನಿಮಾ ಹುಚ್ಚು, ಪ್ರೀತಿಯ ಹುಚ್ಚು, ಅಧಿಕಾರದ ಹುಚ್ಚು. ಕವಿಗಂತೂ ಸ್ವಲ್ಪ ಹುಚ್ಚಿದ್ದರೇ ಚೆಂದ ಅಂತ ಓದಿದವರೂ ನಂಬುತ್ತಾರೆ. ನವ್ಯದ ಕಾಲದಲ್ಲಿ ಕಥಾನಾಯಕನಿಗೆ ಅನಾಥಪ್ರಜ್ಞೆ ಕಾಡುತ್ತಿತ್ತು. ಕೆಲಸ, ಮನೆ, ಜಾತಿ ಎಲ್ಲ ಇದ್ದವನು ಹೋಟೆಲಿನ ಮೂಲೆಯಲ್ಲಿ ಕೂತು ಬದುಕು ಅಸಂಗತ ಅಂತ ನರಳುತ್ತಿದ್ದ. ಬಂಡಾಯ ಬಂದ ಮೇಲೆ ಆ ನರಳಾಟವನ್ನು ನಮ್ಮವರು ಸರಿಯಾಗೇ ಗೇಲಿ ಮಾಡಿದರು. ಆದರೆ ಬಂಡಾಯದ ವೇದಿಕೆಯ ಮೇಲೂ ಹುಚ್ಚು ಬೈಗುಳವಾಗಿಯೇ ಉಳಿಯಿತು: ಹುಚ್ಚು ದೊರೆ, ಹುಚ್ಚು ನಾಯಿ, ಹುಚ್ಚು ವ್ಯವಸ್ಥೆ. ಇದರ ನಡುವೆ ನಿಜವಾಗಿ ಮನಸ್ಸಿನ ಕಾಯಿಲೆ ಬಿದ್ದವರು, ಬೇರೆ ಯಾರಿಗೂ ಕೇಳಿಸದ ದನಿ ಕೇಳಿಸಿಕೊಳ್ಳುವವರು, ರಾತ್ರಿ ಮಾತ್ರೆ ನುಂಗಿ ಬೆಳಿಗ್ಗೆ ಕೂಲಿಗೆ ಏಳಲಾರದೆ ಜಗಲಿ ಮೇಲೆ ಕೂತಿರುವವರು ಎಲ್ಲಿ ಹೋದರು? ಅವರು ತಮ್ಮ ಬಗ್ಗೆ ಒಳಗೊಳಗೇ ಏನು ನಂಬಿಕೊಂಡಿದ್ದಾರೆ? ಆ ನಂಬಿಕೆಯನ್ನು ಅವರಿಗೆ ಕೊಟ್ಟವರು ಯಾರು?

ಈ ಪ್ರಶ್ನೆ ಹಿಡಿದು ಹೊರಟರೆ ಮೊದಲು ಕೈಗೆ ಸಿಗೋದು ತ್ರಿವೇಣಿಯವರ 'ಶರಪಂಜರ'. ತ್ರಿವೇಣಿ (ಅನಸೂಯಾ ಶಂಕರ್, 1928–1963) ನಮ್ಮ ಚಳವಳಿಯ ಲೇಖಕಿಯಲ್ಲ. ಮಧ್ಯಮವರ್ಗದ ಹೆಂಗಸರ ಕಣ್ಣೀರು ಅಂತ ಹೇಳಿ ಅವರನ್ನು ಪಕ್ಕಕ್ಕೆ ಸರಿಸೋದು ಸುಲಭ. ನಮ್ಮ ಎಷ್ಟೋ ವಿಮರ್ಶಕರು ಅದನ್ನೇ ಮಾಡಿದ್ದಾರೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದರು, ಕಲ್ಪನಾ ಕಾವೇರಿಯಾದರು. ಕಾದಂಬರಿ ಮುಟ್ಟದವರಿಗೂ ಕಾವೇರಿ ಗೊತ್ತು. ಆದರೆ ಅವಳನ್ನು ನೋಡಿ ಅತ್ತವರೆಲ್ಲ ಅವಳಿಗೆ ಆದದ್ದೇನು ಅಂತ ಯೋಚಿಸಿದರೇ ಅನ್ನೋದು ನನ್ನ ಅನುಮಾನ.

ಕಥೆ ಸರಳ. ಕಾವೇರಿ ಮದುವೆಗೆ ಮುಂಚಿನ ಒಂದು ಘಟನೆಯ ಪಾಪಪ್ರಜ್ಞೆಯನ್ನು ಒಳಗೆ ಹೂತುಕೊಂಡು ಸಂಸಾರ ಮಾಡುತ್ತಿರುವ ಹೆಣ್ಣು. ಬಾಣಂತನದಲ್ಲಿ ಅವಳ ಮನಸ್ಸು ಕದಡುತ್ತದೆ. ಮಾನಸಿಕ ಆಸ್ಪತ್ರೆ ಸೇರುತ್ತಾಳೆ, ವಾಸಿಯಾಗಿ ಮನೆಗೆ ಬರುತ್ತಾಳೆ. ಇಲ್ಲಿಗೆ ಡಾಕ್ಟರ ಕೆಲಸ ಮುಗಿಯಿತು, ಸಮಾಜದ ಕೆಲಸ ಶುರುವಾಯಿತು. ನೆರೆಹೊರೆಯವರು ದೂರ ಸರಿಯುತ್ತಾರೆ. ಗಂಡ ಹೆಂಡತಿಯನ್ನು ಹೆಂಡತಿಯಾಗಿ ನೋಡೋದು ಬಿಟ್ಟು ಹುಷಾರಾಗಿ ಇಡಬೇಕಾದ ಸಾಮಾನಿನ ಹಾಗೆ ನೋಡುತ್ತಾನೆ. ಇನ್ನೊಬ್ಬಳ ಕಡೆ ತಿರುಗುತ್ತಾನೆ. ಅವಳು ಜೋರಾಗಿ ನಕ್ಕರೆ ಅನುಮಾನ, ಸುಮ್ಮನೆ ಕೂತರೆ ಅನುಮಾನ, ಸಿಟ್ಟು ಮಾಡಿದರಂತೂ ತೀರ್ಮಾನ. ಕೊನೆಗೆ ಅವಳು ಮತ್ತೆ ಆಸ್ಪತ್ರೆಯ ದಾರಿ ಹಿಡಿಯುತ್ತಾಳೆ.

ತ್ರಿವೇಣಿ ಕಂಡ ಸತ್ಯ ಇದು: ಕಾಯಿಲೆ ಒಂದು, ಕಾಯಿಲೆಯವಳು ತನ್ನ ಬಗ್ಗೆ ನಂಬೋದು ಇನ್ನೊಂದು. ಮೊದಲನೆಯದು ಮೈಯೊಳಗೆ, ಮಿದುಳೊಳಗೆ ಬಂದದ್ದು. ಎರಡನೆಯದನ್ನು ದಿನಕ್ಕಿಷ್ಟು ಅಂತ ಹೊರಗಿನವರು ಬಡಿಸುತ್ತಾರೆ. ಆಸ್ಪತ್ರೆಯಿಂದ ಬಂದ ದಿನ ಕಾವೇರಿಗೆ ಬದುಕುವ ಆಸೆ ಇತ್ತು. 'ನೀನು ಇನ್ನು ಯಾವತ್ತಿಗೂ ಹುಚ್ಚಿಯೇ' ಅನ್ನೋದನ್ನು ಅವಳು ನಂಬೋವರೆಗೂ ಮನೆ ಬಿಡಲಿಲ್ಲ, ಬೀದಿ ಬಿಡಲಿಲ್ಲ.

ಮನೋವೈದ್ಯರು ಇಂಥ ನಂಬಿಕೆಗೆ ಒಂದು ಹೆಸರು ಕೊಟ್ಟಿದ್ದಾರೆ. ಕನ್ನಡದಲ್ಲಿ ಬೇರುನಂಬಿಕೆ ಅನ್ನಬಹುದು. ಅಮೆರಿಕದ ಆರನ್ ಬೆಕ್ (1921–2021) ಇದನ್ನು ಶಾಸ್ತ್ರ ಮಾಡಿದವರು. ಮನುಷ್ಯ ತನ್ನ ಬಗ್ಗೆ ಆಳದಲ್ಲಿ ನಂಬಿಕೊಂಡ ಕೆಲವು ಮಾತುಗಳಿರುತ್ತವೆ. ಅವನು ಅವನ್ನು ಬಾಯಲ್ಲಿ ಹೇಳದೆ ಇರಬಹುದು, ಆದರೆ ನಡೆಯೋದು, ಕೂರೋದು, ಹಿಂಜರಿಯೋದು ಎಲ್ಲ ಆ ಮಾತಿನ ಪ್ರಕಾರವೇ. ಕೆಟ್ಟ ಬೇರುನಂಬಿಕೆಗಳನ್ನು ಈ ಶಾಸ್ತ್ರ ಮೂರು ಬಗೆ ಮಾಡುತ್ತದೆ: ನನ್ನ ಕೈಲಿ ಏನೂ ಆಗೋದಿಲ್ಲ; ನನ್ನನ್ನು ಯಾರೂ ಪ್ರೀತಿಸೋದಿಲ್ಲ; ನಾನು ಯಾತಕ್ಕೂ ಬಾರದವನು. ಬೆಕ್ ಹೆಸರು ಮಾಡಿದ್ದು ಖಿನ್ನತೆಯ ಚಿಕಿತ್ಸೆಯಲ್ಲಿ. ಆದರೆ 1952ರಲ್ಲೇ ಅವರು ಸ್ಕಿಜೋಫ್ರೀನಿಯಾ ಇದ್ದ ಒಬ್ಬ ರೋಗಿಯನ್ನು ಮಾತಿನ ಚಿಕಿತ್ಸೆಯಿಂದ ನೋಡಿಕೊಂಡ ಬಗ್ಗೆ ಬರೆದಿದ್ದರು. ಆ ಬರಹದ ತಲೆಬರಹದಲ್ಲೇ ರೋಗಿಯ ಭ್ರಮೆಗೆ ಬುಡ 'ಎರವಲು ತಂದ ಪಾಪಪ್ರಜ್ಞೆ' ಅನ್ನೋ ಅರ್ಥದ ಮಾತಿದೆ. ಎರವಲು! ಕಾವೇರಿಯ ಪಾಪವೂ ಎರವಲೇ. ಹೆಣ್ಣಿನ ಮೈಯನ್ನು ಮಡಿ ಮೈಲಿಗೆಯ ತಕ್ಕಡಿಯಲ್ಲಿ ತೂಗುವ ಸಮಾಜ ಅವಳಿಗೆ ಸಾಲ ಕೊಟ್ಟದ್ದು ಅದು. ಬಡ್ಡಿ ಕಟ್ಟಿದವಳು ಮಾತ್ರ ಅವಳೊಬ್ಬಳೇ.

ಬೆಕ್ ಮುಪ್ಪಿನಲ್ಲಿ ಮತ್ತೆ ಸ್ಕಿಜೋಫ್ರೀನಿಯಾ ಕಡೆ ಬಂದರು. ವರ್ಷಗಟ್ಟಲೆ ಕಾಯಿಲೆಯಲ್ಲಿರುವವರು ಏನೂ ಮಾಡದೆ, ಯಾರನ್ನೂ ಸೇರದೆ ಕೂತಿರುತ್ತಾರಲ್ಲ, ಅದನ್ನು ಬರೀ ಮಿದುಳಿನ ಕೊರತೆ ಅಂತ ಬಹಳ ಕಾಲ ಬರೆದಿಡುತ್ತಿದ್ದರು. ಗ್ರಾಂಟ್ ಮತ್ತು ಬೆಕ್ 2009ರಲ್ಲಿ ತೋರಿಸಿದ್ದು, 'ಮಾಡಿ ಏನು ಪ್ರಯೋಜನ, ಹೇಗೂ ಸೋಲುತ್ತೇನೆ' ಅನ್ನೋ ಸೋಲಿನ ನಂಬಿಕೆಗೂ ಆ ಕೂತಿರುವಿಕೆಗೂ ನಂಟಿದೆ ಅಂತ. ಜಗಲಿ ಮೇಲೆ ಕೂತವನನ್ನು ನಾವು ಸೋಮಾರಿ ಅಂದೆವು, ಶಾಸ್ತ್ರ ರೋಗಲಕ್ಷಣ ಅಂದಿತು. ಅವನೊಳಗೆ ಒಂದು ನಂಬಿಕೆ ಕೂತಿದೆ ಅಂತ ಕೇಳೋಕೆ ಇಷ್ಟು ಕಾಲ ಬೇಕಾಯಿತು.

ಇನ್ನೂ ಒಂದು ಸಂಗತಿ. ಇಲ್ಲದ ದನಿ ಕೇಳುವವರ ಬಗ್ಗೆ ಇಂಗ್ಲೆಂಡಿನ ಮ್ಯಾಕ್ಸ್ ಬರ್ಚ್‌ವುಡ್ ಮತ್ತು ಜೊತೆಯವರು 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸುತ್ತಲಿನ ಜನರ ಎದುರು ತಾನು ಕೆಳಗಿನವನು ಅಂತ ಅಂದುಕೊಂಡವರು ಆ ದನಿಯ ಎದುರೂ ಕೆಳಗಿನವರಾಗಿಯೇ ಇರುತ್ತಾರೆ. ದನಿ ದೊಡ್ಡದು, ತಾನು ಸಣ್ಣವನು. ಅಂದರೆ ತಲೆಯೊಳಗೂ ಒಂದು ಊರು, ಆ ಊರಿಗೂ ಒಬ್ಬ ಗೌಡ! ಅಮೆರಿಕದ ಸಾನ್ ಮಟಿಯೋ, ಆಫ್ರಿಕಾದ ಅಕ್ರಾ, ನಮ್ಮ ಪಕ್ಕದ ಚೆನ್ನೈ, ಮೂರೂ ಕಡೆ ತಲಾ 20 ಜನರನ್ನು ಮಾತಾಡಿಸಿದ ಟಾನ್ಯಾ ಲುಹ್ರ್‌ಮನ್ ಮತ್ತು ಸಂಗಡಿಗರ 2015ರ ಬರಹ ಇದನ್ನೇ ಬೇರೆ ಕಡೆಯಿಂದ ಹೇಳುತ್ತದೆ. ಅಮೆರಿಕದವರಿಗೆ ಗುರುತಿಲ್ಲದ ದನಿಗಳ ಹಿಂಸೆ. ಚೆನ್ನೈನಲ್ಲಿ ಎಷ್ಟೋ ಜನಕ್ಕೆ ನೆಂಟರಿಷ್ಟರ ದನಿ, ಮನೆಗೆಲಸ ಮಾಡು ಅಂತ ಗದರುವ ದನಿ. ಸಮಾಜ ಹೊರಗೆ ಹೇಗೆ ಮಾತಾಡುತ್ತದೋ ಒಳಗೂ ಹಾಗೇ ಮಾತಾಡುತ್ತದೆ.

ಇಲ್ಲಿ ನಮ್ಮ ಚಳವಳಿಯ ಒಂದು ಹಳೆಯ ಪದ ನೆನಪಾಗಬೇಕು: ಕೀಳರಿಮೆ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದವರು, ಬಿ. ಕೃಷ್ಣಪ್ಪನವರಂಥವರು, ಮೊದಲು ಕೈ ಹಾಕಿದ್ದೇ ಇದಕ್ಕೆ. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' (1975) ಕೇರಿಕೇರಿಗೆ ಹೋದದ್ದೂ ಇದಕ್ಕೇ. ತಲೆ ತಗ್ಗಿಸಿದವನ ತಪ್ಪು ಏನೂ ಇಲ್ಲ, ತಗ್ಗಿಸುವ ಹಾಗೆ ಮಾಡಿದವರನ್ನು ಕೇಳು ಅನ್ನೋದು ಆ ಕಾಲದ ಪಾಠ. ಬೆಕ್ ತಮ್ಮ ಬರಹ ಪ್ರಕಟಿಸಿದ ಅದೇ 1952ರಲ್ಲಿ ಮಾರ್ಟಿನಿಕ್‌ನ ಕರಿಯ ಮನೋವೈದ್ಯ ಫ್ರಾಂಟ್ಜ್ ಫ್ಯಾನನ್ 'ಕಪ್ಪು ಚರ್ಮ, ಬಿಳಿ ಮುಖವಾಡ' ಪುಸ್ತಕ ತಂದರು. ಕರಿಯನ ಕೀಳರಿಮೆ ಅವನ ಸ್ವಭಾವ ಅಲ್ಲ, ಬಿಳಿಯರ ವ್ಯವಸ್ಥೆ ಅವನ ಚರ್ಮಕ್ಕೆ ಅಂಟಿಸಿದ್ದು ಅನ್ನೋದು ಅವರ ವಾದ. ಒಂದೇ ವರ್ಷ, ಇಬ್ಬರು ಮನೋವೈದ್ಯರು. ಒಬ್ಬರು ಕೇಳಿದ್ದು ನಿನ್ನ ನಂಬಿಕೆಗೆ ಸಾಕ್ಷಿ ಏನು ಅಂತ. ಇನ್ನೊಬ್ಬರು ಕೇಳಿದ್ದು ಈ ನಂಬಿಕೆಯನ್ನು ನಿನಗೆ ಕಲಿಸಿದವರು ಯಾರು ಅಂತ. ನಮಗೆ ಎರಡೂ ಪ್ರಶ್ನೆ ಬೇಕು.

ಮೊದಲ ಪ್ರಶ್ನೆ ಮಾತ್ರ ಕೇಳಿದರೆ ಏನಾಗುತ್ತದೆ ನೋಡಿ. 'ನಿಮ್ಮನ್ನು ಯಾರೂ ಸೇರಿಸೋದಿಲ್ಲ ಅಂತೀರಲ್ಲ, ಅದಕ್ಕೆ ಸಾಕ್ಷಿ ಏನು?' ಅಂತ ಚಿಕಿತ್ಸಕರು ಕೇಳುತ್ತಾರೆ. ಕೇರಿಯಿಂದ ಬಂದ ರೋಗಿ ಸಾಕ್ಷಿ ಕೊಡೋಕೆ ಶುರು ಮಾಡಿದರೆ ಸಂಜೆವರೆಗೂ ಕೊಡಬಹುದು. ಹೋಟೆಲಿನಲ್ಲಿ ಬೇರೆ ಲೋಟ, ಬಾವಿ ಕಟ್ಟೆಯಿಂದ ದೂರ, ಅದರ ಮೇಲೆ 'ತಲೆ ಸರಿಯಿಲ್ಲದವನು' ಅನ್ನೋ ಹೆಸರು, ಅಲ್ಲಿಗೆ ಕೂಲಿಯೂ ಹೋಯಿತು, ಹೆಣ್ಣೂ ಸಿಗಲಿಲ್ಲ. ಇದು ತಪ್ಪು ಎಣಿಕೆಯೇ? ಅವನು ಕಂಡದ್ದನ್ನೇ ಹೇಳುತ್ತಿದ್ದಾನೆ. ಅವನ ನಂಬಿಕೆಯಲ್ಲಿ ಅರ್ಧ ವರದಿ, ಅರ್ಧ ಗಾಯ. 'ಅವರು ನನ್ನನ್ನು ಸೇರಿಸೋದಿಲ್ಲ' ಅನ್ನೋದು ವರದಿ. 'ಅದಕ್ಕೆ ನಾನು ಯಾತಕ್ಕೂ ಬಾರದವನು' ಅನ್ನೋದು ಗಾಯ. ಒಳ್ಳೆಯ ಚಿಕಿತ್ಸೆ ವರದಿಯನ್ನು ಒಪ್ಪಿಕೊಂಡು ಗಾಯಕ್ಕೆ ಔಷಧಿ ಹಚ್ಚಬೇಕು. ವರದಿಯನ್ನೇ ರೋಗ ಅಂದರೆ ಅದು ಚಿಕಿತ್ಸೆಯ ವೇಷದ ಇನ್ನೊಂದು ಅವಮಾನ.

ಭ್ರಮೆ ಅಂದರೆ ಏನು ಅಂತ ಮನೋವೈದ್ಯರ ಪುಸ್ತಕ ಹೇಳುತ್ತದೆ: ಎಷ್ಟು ಸಾಕ್ಷಿ ತೋರಿಸಿದರೂ ಅಲುಗದ ಸುಳ್ಳು ನಂಬಿಕೆ. ಜೊತೆಗೇ ಒಂದು ಷರತ್ತು: ಆ ಜನಾಂಗದ ಬೇರೆಯವರೂ ಸಾಮಾನ್ಯವಾಗಿ ಒಪ್ಪುವ ನಂಬಿಕೆಯಾದರೆ ಅದನ್ನು ಭ್ರಮೆ ಅನ್ನಬಾರದು. ಷರತ್ತಿಗೆ ಕಾರಣವಿದೆ, ಇಲ್ಲದೇ ಹೋದರೆ ದೇವರು ದಿಂಡರನ್ನು ನಂಬುವವರೆಲ್ಲ ರೋಗಿಗಳಾಗುತ್ತಾರೆ. ಆದರೂ ಒಂದು ಗಳಿಗೆ ನಿಂತು ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಯಲ್ಲಿ ಅಂಬೇಡ್ಕರ್ ಮತ್ತು ಸಾವಿರಾರು ಜನ ನೀರು ಕುಡಿದರು. ನೀರು ವಿಷವಾಗಲಿಲ್ಲ, ಕೆರೆ ಬತ್ತಲಿಲ್ಲ. ಅಷ್ಟು ದೊಡ್ಡ ಸಾಕ್ಷಿ ಕಣ್ಣೆದುರಿಗಿದ್ದರೂ ಮೇಲ್ಜಾತಿಯವರು ಸಗಣಿ ಗಂಜಲ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಒಬ್ಬ ಮನುಷ್ಯ ಹೀಗೆ ಮಾಡಿದರೆ ಆಸ್ಪತ್ರೆಗೆ ಕರೆದೊಯ್ಯುತ್ತೇವೆ. ಊರಿಗೆ ಊರೇ ಮಾಡಿದರೆ ಸಂಪ್ರದಾಯ ಅನ್ನುತ್ತೇವೆ.

ಮಹಾಡವನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಬೆಕ್ ಅವರ ಚಿಕಿತ್ಸೆಯಲ್ಲಿ ನಂಬಿಕೆಯನ್ನು ಬರೀ ಮಾತಿನಿಂದ ಕದಲಿಸೋಕೆ ಹೋಗೋದಿಲ್ಲ. ಮಾಡಿ ನೋಡು ಅನ್ನುತ್ತಾರೆ. 'ಅಂಗಡಿಗೆ ಹೋದರೆ ಎಲ್ಲರೂ ನನ್ನನ್ನೇ ನೋಡಿ ನಗುತ್ತಾರೆ' ಅನ್ನುವವನು ಒಂದು ದಿನ ಅಂಗಡಿಗೆ ಹೋಗಿ ಬರಬೇಕು. ಮಹಾಡ ಅಂಥದೇ ಒಂದು ಮಾಡಿ ನೋಡುವ ಕೆಲಸ, ಆದರೆ ಸಾವಿರಾರು ಜನ ಒಟ್ಟಿಗೆ ಮಾಡಿದ್ದು. ಅಂಬೇಡ್ಕರ್ ಜನರನ್ನು ಒಬ್ಬೊಬ್ಬರಾಗಿ ಕೂರಿಸಿ ನಿಮ್ಮ ಯೋಚನೆ ತಿದ್ದಿಕೊಳ್ಳಿ ಅನ್ನಲಿಲ್ಲ. ಕೆರೆಗೆ ಕರೆದುಕೊಂಡು ಹೋದರು. ನನ್ನ ಮುಟ್ಟು ಮೈಲಿಗೆ ಅನ್ನೋ ನಂಬಿಕೆ ಬೊಗಸೆ ನೀರಿನಲ್ಲಿ ಒಡೆಯಿತು, ಪಕ್ಕದವನ ಬೊಗಸೆಯನ್ನೂ ನೋಡುತ್ತಾ ಒಡೆಯಿತು.

ಫ್ಯಾನನ್ ಕೂಡ ಇದನ್ನು ಕೆಲಸ ಮಾಡುತ್ತಾ ಕಲಿತರು. 1953ರಲ್ಲಿ ಅಲ್ಜೀರಿಯಾದ ಬ್ಲೀಡಾ ಆಸ್ಪತ್ರೆಗೆ ಹೋದಾಗ ಫ್ರಾನ್ಸ್‌ನಿಂದ ಕಲಿತು ತಂದ ಸಭೆ, ಸಿನಿಮಾ, ಕಸೂತಿ ಎಲ್ಲ ಯುರೋಪಿನ ಹೆಂಗಸರ ವಾರ್ಡಿನಲ್ಲಿ ನಡೆಯಿತು, ಅಲ್ಜೀರಿಯಾದ ಮುಸ್ಲಿಂ ಗಂಡಸರ ವಾರ್ಡಿನಲ್ಲಿ ಬಿದ್ದುಹೋಯಿತು. ಆಮೇಲೆ ಆ ಜನರದೇ ರೀತಿಯ ಕಾಫಿ ಅಂಗಡಿ, ಅವರದೇ ಹಬ್ಬ, ಅವರದೇ ಕತೆ ಹೇಳುವವನು ಬಂದ ಮೇಲೆ ವಾರ್ಡು ಉಸಿರಾಡಿತು. ಮನುಷ್ಯ ತನ್ನವರ ನಡುವೆ ಮಾತ್ರ ತನ್ನ ಬೆಲೆ ತಿಳಿಯುತ್ತಾನೆ.

ಈಗ ಕಾವೇರಿಯ ಸಿಟ್ಟಿಗೆ ಬರೋಣ. ಪ್ಯಾಟ್ರಿಕ್ ಕೊರಿಗನ್ ಮತ್ತು ಏಮಿ ವಾಟ್ಸನ್ 2002ರಲ್ಲಿ ಒಂದು ವಿಚಿತ್ರವನ್ನು ಗುರುತಿಸಿದರು. ಮನಸ್ಸಿನ ಕಾಯಿಲೆ ಇರುವವರ ಮೇಲೆ ಸಮಾಜ ಒಂದೇ ಕೆಸರು ಎರಚಿದರೂ ಎಲ್ಲರೂ ಒಂದೇ ಥರ ಕುಗ್ಗೋದಿಲ್ಲ. ಕೆಲವರು ಅದನ್ನು ನಂಬಿ ಒಳಗೇ ಕುಸಿಯುತ್ತಾರೆ. ಕೆಲವರು ಕೇಳಿಸಿಕೊಳ್ಳದ ಹಾಗೆ ಇದ್ದುಬಿಡುತ್ತಾರೆ. ಇನ್ನು ಕೆಲವರು ಸಿಟ್ಟಿಗೇಳುತ್ತಾರೆ, ನ್ಯಾಯದ ಸಿಟ್ಟು. ವ್ಯತ್ಯಾಸ ಎಲ್ಲಿ? ಎರಡು ಕಡೆ. ಆ ಕೆಸರು ನ್ಯಾಯವಾದದ್ದು ಅಂತ ಒಪ್ಪುತ್ತಾರೋ ಇಲ್ಲವೋ. ತಮ್ಮಂಥವರ ಜೊತೆ ತಾವಿದ್ದೇವೆ ಅಂದುಕೊಳ್ಳುತ್ತಾರೋ ಇಲ್ಲವೋ. ಇದನ್ನು ಓದಿ ನನಗೆ ನಗು ಬಂತು. ನಮ್ಮ ಹಟ್ಟಿಗಳಲ್ಲಿ ತಮಟೆ ಬಡಿದು ಹೇಳಿದ್ದೂ ಇದೇ ಅಲ್ಲವೇ? ಅದನ್ನು ಬಂಡಾಯ ಅಂತ ಕರೆದೆವು.

ಹಾಗಾದರೆ ಆಸ್ಪತ್ರೆಯಿಂದ ಬಂದ ಮೇಲೆ ಕಾವೇರಿ ಮಾಡುವ ಸಿಟ್ಟು ರೋಗವೋ ಆರೋಗ್ಯವೋ? ಗಂಡನ ಮೋಸ ಕಂಡು ಕೆರಳಿದ ಹೆಣ್ಣಿನಲ್ಲಿ ಹುಚ್ಚು ಎಲ್ಲಿದೆ? ಅವಳ ಎಚ್ಚರವೇ ಅದು. ಆದರೆ ಅವಳ ಸಿಟ್ಟನ್ನು ಸಿಟ್ಟು ಅಂತ ಒಪ್ಪುವ ಒಬ್ಬ ಮನುಷ್ಯ ಆ ಮನೆಯಲ್ಲಿ ಇಲ್ಲ. ಇದು ನಮಗೆ ಗೊತ್ತಿರುವ ಆಟ. ದಲಿತ ಸಿಟ್ಟಾದರೆ ಸೊಕ್ಕು. ಆಳು ಸಿಟ್ಟಾದರೆ ಕೊಬ್ಬು. ಹೆಣ್ಣು ಸಿಟ್ಟಾದರೆ ಗಂಡುಬೀರಿ. ಕಾಯಿಲೆಯಿಂದ ಎದ್ದವಳು ಸಿಟ್ಟಾದರೆ 'ಮತ್ತೆ ಶುರುವಾಯಿತು'. ಸಿಟ್ಟಿಗೆ ಅದರ ಸ್ವಂತ ಹೆಸರು ಕೊಡದೆ ಇರೋದೇ ಯಜಮಾನಿಕೆಯ ಹಳೆಯ ಉಪಾಯ. ತ್ರಿವೇಣಿ ಈ ಉಪಾಯವನ್ನು ಮನೆಯೊಳಗೆ ಹಿಡಿದು ತೋರಿಸಿದರು. ಅದಕ್ಕೆ ನಾನು ಅವರಿಗೆ ಕೈ ಮುಗಿಯುತ್ತೇನೆ.

ಕೃತಿ ಎಡವೋದು ಇದರ ಮುಂದಿನ ಹೆಜ್ಜೆಯಲ್ಲಿ. ಕಾವೇರಿ ಒಂಟಿ. ಕಥೆ ಪೂರ್ತಿ ಅವಳಿಗೆ ಇನ್ನೊಬ್ಬ ಕಾವೇರಿಯ ಸ್ನೇಹ ಸಿಗೋದಿಲ್ಲ. ವಾಸಿಯಾಗಿ ಬದುಕು ಕಟ್ಟಿಕೊಂಡ ಒಬ್ಬ ಹೆಂಗಸು ಅವಳ ಪಕ್ಕ ಬಂದು ಕೂತು 'ತಂಗೀ, ನನಗೂ ಹೀಗೇ ಆಗಿತ್ತು' ಅನ್ನೋದಿಲ್ಲ. ಅವಳ ಸಿಟ್ಟಿಗೆ ಸಂಗಾತಿ ಇಲ್ಲ, ಹಾಗಾಗಿ ಅದು ಅವಳನ್ನೇ ಸುಡುತ್ತದೆ. ಕೊನೆಗೆ ಓದುಗ ಅಳುತ್ತಾನೆ, ಮನೆಗೆ ಹೋಗುತ್ತಾನೆ, ಹೋಗುವಾಗ 'ಒಂದು ಸಲ ಬಂದರೆ ಮತ್ತೆ ಬರುತ್ತೆ, ಅಷ್ಟೇ' ಅನ್ನೋ ನಂಬಿಕೆಯನ್ನೇ ಎತ್ತಿಕೊಂಡು ಹೋಗುತ್ತಾನೆ. ದುರಂತ ಬರೆಯೋದು ತಪ್ಪಲ್ಲ. ಆದರೆ ಕನ್ನಡದಲ್ಲಿ ಎಲ್ಲರಿಗೂ ನೆನಪಿರುವ ಒಂದೇ ಕಥೆ ಸೋಲಿನದಾದರೆ, ಕಾಯಿಲೆಯಿಂದ ಎದ್ದ ಹೆಣ್ಣುಮಗಳು ತನ್ನ ಕಥೆಯನ್ನು ಎಲ್ಲಿ ಓದಬೇಕು? ಸ್ಕಿಜೋಫ್ರೀನಿಯಾ ಬಂದ ಎಷ್ಟೋ ಜನ ಚೇತರಿಸಿಕೊಂಡು ಬದುಕುತ್ತಾರೆ ಅನ್ನೋದು ಇವತ್ತು ಗೊತ್ತಿರುವ ಸಂಗತಿ. ಈ ಸಂಗತಿಗೆ ಕನ್ನಡದಲ್ಲಿ ಒಂದು ಕಾವೇರಿಯಷ್ಟು ದೊಡ್ಡ ಪಾತ್ರ ಸಿಕ್ಕಿಲ್ಲ.

ಇನ್ನೊಂದು ಮಾತು. ಕಾವೇರಿಗೆ ಮನೆ ಇತ್ತು, ಡಾಕ್ಟರಿದ್ದರು, ಆಸ್ಪತ್ರೆಗೆ ಕರೆದೊಯ್ಯಲು ಕಾಸಿತ್ತು. ಕೇರಿಯ ಕಾವೇರಿಯನ್ನು ಮೊದಲು ಕರೆದೊಯ್ಯೋದು ಗಾಣಗಾಪುರಕ್ಕೆ, ದರ್ಗಾಕ್ಕೆ, ಮಂತ್ರ ಹಾಕುವವನ ಹತ್ತಿರಕ್ಕೆ. ಸಾಲ ಮಾಡಿ ಕರೆದೊಯ್ಯುವ ಅವ್ವನನ್ನು ಮೂಢಳು ಅಂತ ಬೈಯೋದು ಸುಲಭ. ಅವಳಿಗೆ ಹತ್ತಿರದಲ್ಲಿ ಬೇರೆ ಬಾಗಿಲು ತೆರೆದಿರಲಿಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಒಂದು ಗುಡಿಸಲಿಗೆ ಬೆಂಕಿ ಬಿದ್ದು 28 ಜನ ಸತ್ತರು. ಸರಪಳಿ ಬಿಗಿದಿದ್ದರಿಂದ ಅವರಿಗೆ ಓಡಲಾಗಲಿಲ್ಲ. ಸರಪಳಿ ಹಾಕೋದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ. ಸರ್ಕಾರಿ ಸೇವೆಯಲ್ಲಿ ಚಿಕಿತ್ಸೆ ಪಡೆಯೋದು ಹಕ್ಕು ಅಂತಲೂ ಅದು ಹೇಳುತ್ತದೆ. ಆದರೆ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಬೇರೆ ಬೇರೆ ಮಾನಸಿಕ ಕಾಯಿಲೆಗಳಲ್ಲಿ 100ಕ್ಕೆ 70ರಿಂದ 92 ಜನಕ್ಕೆ ಚಿಕಿತ್ಸೆ ಮುಟ್ಟಿರಲಿಲ್ಲ. ಇದು ನಮ್ಮ ರಾಜ್ಯಕ್ಕೆ ಗೊತ್ತಿಲ್ಲದ ವಿದ್ಯೆಯೇನೂ ಅಲ್ಲ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೇ ತರಬೇತಿ ಕೊಟ್ಟು ಹಳ್ಳಿಯಲ್ಲೇ ಚಿಕಿತ್ಸೆ ಕೊಡಬಹುದು ಅಂತ ತೋರಿಸಿದರು; ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಮಾದರಿ ಕೊಟ್ಟ ನಾಡಿನಲ್ಲಿ ಮಾತ್ರೆಗಾಗಿ ಬಸ್ಸು ಹಿಡಿದು ಒಂದು ದಿನದ ಕೂಲಿ ಕಳೆದುಕೊಳ್ಳುವವರು ಯಾಕಿದ್ದಾರೆ ಅನ್ನೋದು ವೈದ್ಯಕೀಯ ಪ್ರಶ್ನೆ ಮಾತ್ರ ಅಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಗೆಳೆಯರಲ್ಲೇ ಕೆಲವರು ಅತಿಗೆ ಹೋಗೋದುಂಟು. ಹುಚ್ಚೇ ಬಂಡಾಯ, ವ್ಯವಸ್ಥೆಯೇ ರೋಗಿ, ಔಷಧಿ ಅನ್ನೋದು ಆಳುವವರ ಬೇಡಿ ಅಂತ. ಆರ್.ಡಿ. ಲೇಂಗ್ ಹೆಸರು ಹೇಳಿ ಇದಕ್ಕೆ ಶಾಸ್ತ್ರದ ಬಣ್ಣವನ್ನೂ ಬಳಿಯುತ್ತಾರೆ. ಇದು ನವ್ಯದ ಅನಾಥಪ್ರಜ್ಞೆ ಕೆಂಪು ಅಂಗಿ ಹಾಕಿಕೊಂಡು ಬಂದ ಹಾಗೆ. ನಾನು ಪದ್ಯ ಬರೆಯುವವನು, ಡಾಕ್ಟರಲ್ಲ. ಆದರೂ ಇಷ್ಟು ಗೊತ್ತು: ರಾತ್ರಿಯಿಡೀ ದನಿಗಳ ಕೈಲಿ ಹೊಡೆತ ತಿನ್ನುವವನಿಗೆ ಅದು ಬಂಡಾಯ ಅಲ್ಲ, ನರಕ. ಅವನಿಗೆ ಮಾತ್ರೆ ಬೇಕು, ನಿದ್ದೆ ಬೇಕು, ತಪ್ಪದೆ ನೋಡುವ ಡಾಕ್ಟರು ಬೇಕು. ಸಮಾಜ ಬದಲಾಗೋವರೆಗೂ ಕಾಯಿ ಅಂತ ಅವನಿಗೆ ಹೇಳೋ ಹಕ್ಕು ಯಾರಿಗೂ ಇಲ್ಲ. ಹಾಗೇ ಮಾತ್ರೆ ಕೊಟ್ಟು ಕಳಿಸಿ, 'ನಾನು ಯಾತಕ್ಕೂ ಬಾರದವನು' ಅನ್ನೋದನ್ನು ಅವನ ಜೇಬಿನಲ್ಲೇ ಬಿಟ್ಟರೆ ಅರ್ಧ ಕೆಲಸವಾದ ಹಾಗೆ. ಮಾತ್ರೆ ದನಿಯನ್ನು ತಗ್ಗಿಸಬಹುದು. ಊರು ಕಲಿಸಿದ ಮಾತನ್ನು ಊರೇ ಹಿಂದಕ್ಕೆ ತೆಗೆದುಕೊಳ್ಳಬೇಕು.

ಈ ಪತ್ರಿಕೆ ಓದುವವರಲ್ಲಿ ಹಳ್ಳಿ ಮೇಷ್ಟ್ರುಗಳಿದ್ದಾರೆ, ಹಾಸ್ಟೆಲ್ ಹುಡುಗರಿದ್ದಾರೆ, ಸಂಘಟನೆಯ ಕೆಲಸಕ್ಕೆ ಊರೂರು ಅಲೆಯುವವರಿದ್ದಾರೆ. ನಿಮ್ಮ ತರಗತಿಯಲ್ಲಿ ತಾಯಿಗೆ ಈ ಕಾಯಿಲೆ ಇರುವ ಒಂದು ಮಗು ಇರಬಹುದು; 'ಹುಚ್ಚಿ ಮಗ' ಅನ್ನೋ ಹೆಸರು ಅದರ ಬೆನ್ನ ಹಿಂದೆ ಓಡಾಡುತ್ತಿರಬಹುದು. ಅದನ್ನು ನಿಲ್ಲಿಸೋಕೆ ಮನಶ್ಶಾಸ್ತ್ರದ ಪದವಿ ಬೇಡ. ಆಸ್ಪತ್ರೆಯಿಂದ ಬಂದವನನ್ನು ಸಂಘದ ಸಭೆಗೆ ಕರೆಯಿರಿ, ಜಮಖಾನ ಹಾಸೋ ಕೆಲಸ ಕೊಡಿ, ತಮಟೆ ಗೊತ್ತಿದ್ದರೆ ತಮಟೆ ಕೊಡಿ. 'ನನ್ನ ಕೈಲಿ ಏನೂ ಆಗೋದಿಲ್ಲ' ಅನ್ನೋ ನಂಬಿಕೆಗೆ ಅದಕ್ಕಿಂತ ಒಳ್ಳೆ ಉತ್ತರ ಶಾಸ್ತ್ರದಲ್ಲೂ ಇಲ್ಲ. ಅವನು ಸಿಟ್ಟಾದರೆ ಹೆದರಬೇಡಿ. ಯಾಕೆ ಸಿಟ್ಟು ಅಂತ ಕೇಳಿ.

ಬರೆಯುವವರಿಗೂ ಒಂದು ಬೇಡಿಕೆ ಇದೆ. ಹುಚ್ಚನ್ನು ಉಪಮೆ ಮಾಡೋದು ಸಾಕು. ಆಸ್ಪತ್ರೆಯಿಂದ ಕೇರಿಗೆ ವಾಪಸು ಬಂದ ಒಬ್ಬ ಕಾವೇರಿಯನ್ನು ಬರೆಯಿರಿ. ಅವಳು ಮಾತ್ರೆ ನುಂಗಲಿ, ಕೆಲಸಕ್ಕೆ ಹೋಗಲಿ, ಒಂದು ದಿನ ಮತ್ತೆ ಹುಷಾರು ತಪ್ಪಲಿ, ಮತ್ತೆ ಏಳಲಿ. ಅವಳ ಪಕ್ಕ ಇನ್ನೊಬ್ಬಳು ಕೂತಿರಲಿ. ಅವಳು ಸಿಟ್ಟಾದಾಗ ಆ ಕಥೆಯಲ್ಲಿ ಒಬ್ಬರಾದರೂ ಅದನ್ನು ಸಿಟ್ಟು ಅಂತಲೇ ಕರೆಯಲಿ.